ಮಳೆಗಾಲಕ್ಕೆ ಮುಂಚೆ ಕಂಪ್ಯೂಟರಿಗೆ ಯುಪಿಎಸ್ ಬೇಕಾ, ಇನ್ವರ್ಟರ್ ಸಾಕಾ? ನಮ್ಮ ಕಡೆಯವರ ಅನುಭವ

ಕೇಳಿದ್ದು:
ನಮ್ಮ ಮನೆ ಹೊಸನಗರ ಪೇಟೆಯಿಂದ ಸ್ವಲ್ಪ ಒಳಗೆ. ಒಂದು ಡೆಸ್ಕ್‌ಟಾಪ್ ಇದೆ, ಮಗಳು ಅದರಲ್ಲೇ ಓದುತ್ತಾಳೆ, ತೋಟದ ಲೆಕ್ಕವೂ ಅದರಲ್ಲೇ. ನನಗೆ ಆಫೀಸಿನ ಲ್ಯಾಪ್‌ಟಾಪ್, ಜೊತೆಗೆ ಫೈಬರ್ ಇಂಟರ್ನೆಟ್. ಮಳೆಗಾಲದಲ್ಲಿ ಒಮ್ಮೊಮ್ಮೆ ಎರಡು ದಿನ ಕರೆಂಟ್ ಇರುವುದಿಲ್ಲ. ಒಂದು ಅಂಗಡಿಯಲ್ಲಿ ದೊಡ್ಡ ಯುಪಿಎಸ್ (ಕಂಪ್ಯೂಟರಿನ ಹತ್ತಿರ ಇಡುವ ಬ್ಯಾಟರಿ ಪೆಟ್ಟಿಗೆ) ತಗೊಳ್ಳಿ ಎಂದರು, ಇನ್ನೊಂದು ಅಂಗಡಿಯಲ್ಲಿ ಇನ್ವರ್ಟರ್ ಸಾಕು ಎಂದರು. ನೀವೆಲ್ಲ ಏನು ಹಾಕಿಸಿದ್ದೀರಿ?

ತೀರ್ಥಹಳ್ಳಿ ಕಡೆಯಿಂದ:
ನಾವು ಕೋಣಂದೂರು ರಸ್ತೆಯ ಕಡೆಯವರು, ನಿಮ್ಮ ಕಷ್ಟವೇ ನಮ್ಮದೂ. ಮೊದಲು ನಿಮ್ಮ ಮನೆಯಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಎಂದು ಒಂದು ವಾರ ಗಮನಿಸಿ. ನಮ್ಮ ಕಡೆ ಅದು ಮೂರು ಥರ ಕೈಕೊಡುತ್ತದೆ. ಗಾಳಿಗೆ ಕೊಂಬೆ ತಂತಿಗೆ ತಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುವುದು ಒಂದು. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರದ ಮನೆಗಳಲ್ಲಿ, ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ 170ಕ್ಕೆ ಇಳಿಯುವುದು ಇನ್ನೊಂದು. ಅಕೇಶಿಯಾ ಮರವೇ ಲೈನಿನ ಮೇಲೆ ಬಿದ್ದು ಕಂಬ ಮುರಿದು, ಲೈನ್‌ಮ್ಯಾನ್‌ಗಳು ಆ ಜಡಿಮಳೆಯಲ್ಲಿ ಕಾಡಿನೊಳಗೆ ಹುಡುಕಿಕೊಂಡು ಹೋಗಿ ಸರಿಮಾಡುವ ತನಕ ಕತ್ತಲೆಯಲ್ಲಿ ಇರುವುದು ಮೂರನೆಯದು. ಈ ಮೂರಕ್ಕೂ ಒಂದೇ ಪೆಟ್ಟಿಗೆ ಸರಿಹೋಗುವುದಿಲ್ಲ.

ಡೆಸ್ಕ್‌ಟಾಪಿಗೆ ಹೊಡೆತ ಕೊಡುವುದು ಮೊದಲಿನ ಎರಡು. ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈ ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ, ಕೆಲಸದ ಹೊರೆ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಸಾಧಾರಣ ಯುಪಿಎಸ್ 10 ಮಿಲಿಸೆಕೆಂಡಿನ ಒಳಗೇ ಬ್ಯಾಟರಿಗೆ ಬದಲಾಗುತ್ತದೆ, ಹಾಗಾಗಿ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಮನೆಯ ಇನ್ವರ್ಟರ್‌ಗಳು ಹಾಗಲ್ಲ. ಅವುಗಳಲ್ಲಿ ಹಿಂದೆಯೋ ಪಕ್ಕದಲ್ಲೋ ಒಂದು ಸಣ್ಣ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ವೋಲ್ಟೇಜ್ 180ರ ಕೆಳಗೆ ಹೋದರೆ ಹೆಚ್ಚಿನವು ಲೈನ್ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತವೆ. ಇನ್ನೊಂದು ಮೋಡಿನಲ್ಲಿ 100-110 ವೋಲ್ಟ್ ತನಕವೂ ತಡೆದುಕೊಳ್ಳುತ್ತವೆ, ಆದರೆ ನಿಧಾನ, ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ. ಅಂದರೆ ಹಳ್ಳಿಯ ವೋಲ್ಟೇಜಿನಲ್ಲಿ ಯುಪಿಎಸ್ ಮೋಡ್ ಇಟ್ಟರೆ, ಕರೆಂಟ್ ಇದ್ದೂ ಸಂಜೆಯೆಲ್ಲ ಬ್ಯಾಟರಿ ಕರಗುತ್ತಾ ಇರುತ್ತದೆ. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ಇದನ್ನು ಯಾವ ಅಂಗಡಿಯವರೂ ಬಿಡಿಸಿ ಹೇಳುವುದಿಲ್ಲ.

ಅದಕ್ಕೆ ನಮ್ಮಲ್ಲಿ ಎರಡನ್ನೂ ಇಟ್ಟಿದ್ದೇವೆ. ಇಡೀ ಮನೆಗೆ ಸೈನ್‌ವೇವ್ ಇನ್ವರ್ಟರ್ (ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು), ನಿಧಾನದ ಮೋಡಿನಲ್ಲಿ. ಡೆಸ್ಕ್‌ಟಾಪಿನ ಹತ್ತಿರ ಮಾತ್ರ 600 ವಿಎ ಸಣ್ಣ ಯುಪಿಎಸ್, ಅದರ ಪ್ಲಗ್ ಇನ್ವರ್ಟರ್ ಲೈನಿನ ಸಾಕೆಟ್ಟಿಗೆ. ಇನ್ವರ್ಟರ್ ಬದಲಾಗುವ ಆ ಚೂರು ಹೊತ್ತನ್ನು ಯುಪಿಎಸ್ ದಾಟಿಸುತ್ತದೆ, ಆಮೇಲೆ ಇನ್ವರ್ಟರ್ ನೋಡಿಕೊಳ್ಳುತ್ತದೆ. ಯುಪಿಎಸ್ ಕೊಳ್ಳುವಾಗ ಲೈನ್ ಇಂಟರಾಕ್ಟಿವ್ ಎನ್ನುವ ಜಾತಿಯದ್ದನ್ನೇ ಕೇಳಿ. ಅದರೊಳಗೇ ಸ್ಟೆಬಿಲೈಸರ್ ಇರುತ್ತದೆ, 140-145 ವೋಲ್ಟ್ ತನಕ ಬ್ಯಾಟರಿ ಮುಟ್ಟದೆ ನಡೆಸುತ್ತದೆ. ಡಬ್ಬದ ಮೇಲೆ ಇನ್‌ಪುಟ್ ವೋಲ್ಟೇಜ್ ಎಷ್ಟರಿಂದ ಎಷ್ಟು ಎಂದು ಬರೆದಿರುತ್ತಾರೆ, ಅದನ್ನು ಓದದೆ ದುಡ್ಡು ಕೊಡಬೇಡಿ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 100 ವ್ಯಾಟ್ ಆಸುಪಾಸು ತಗೊಳ್ಳುತ್ತವೆ, ಅದಕ್ಕೆ ಧಾರಾಳ ಸಾಕು. ಒಳಗೆ ಇರುವುದು 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿ, ಕಾಲು ಗಂಟೆ ಸಿಕ್ಕರೆ ದೊಡ್ಡದು. ಫೈಲ್ ಸೇವ್ ಮಾಡಿ ಕಂಪ್ಯೂಟರ್ ಆಫ್ ಮಾಡಲು ಅಷ್ಟು ಸಾಕಲ್ವಾ? ಲೇಸರ್ ಪ್ರಿಂಟರ್ ಇದ್ದರೆ ಅದನ್ನು ಯುಪಿಎಸ್ಸಿಗೆ ಹಾಕಲೇಬೇಡಿ, ಬಿಸಿಯಾಗುವಾಗ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆಯುತ್ತದೆ.

ಇನ್ನು ಎರಡು ದಿನದ ವಿಷಯ. ಎಲ್ಲರೂ ಬ್ಯಾಕಪ್ ಎಷ್ಟು ಗಂಟೆ ಎಂದು ಕೇಳುತ್ತಾರೆ. ಬ್ಯಾಟರಿ ತುಂಬಲು ಎಷ್ಟು ಗಂಟೆ ಬೇಕು ಎಂದು ಕೇಳುವವರೇ ಕಡಿಮೆ, ಮಲೆನಾಡಿನಲ್ಲಿ ಆ ಪ್ರಶ್ನೆಯೇ ದೊಡ್ಡದು. 12 ವೋಲ್ಟ್ 150 ಎಎಚ್ ಟ್ಯೂಬುಲರ್ (ನೀರು ಹಾಕುವ ಲೆಡ್) ಬ್ಯಾಟರಿ ಲೆಕ್ಕಕ್ಕೆ 1800 ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು ಎನ್ನುವುದು, ಇವೆಲ್ಲ ಕಳೆದು 1100 ಎಂದು ಇಟ್ಟುಕೊಳ್ಳಿ. ರೂಟರಿಗೆ 15, ಲ್ಯಾಪ್‌ಟಾಪಿಗೆ 50, ಎರಡು ಎಲ್‌ಇಡಿ ಬಲ್ಬಿಗೆ 20, ಒಟ್ಟು 85 ವ್ಯಾಟ್ ಆದರೆ 12 ಗಂಟೆ ದಾಟುತ್ತದೆ. ಇದರ ಜೊತೆ 100 ವ್ಯಾಟಿನ ಡೆಸ್ಕ್‌ಟಾಪ್ ಸೇರಿಸಿದರೆ 6 ಗಂಟೆಗೆ ಬಂದು ನಿಲ್ಲುತ್ತದೆ. ಖಾಲಿಯಾದ ಈ ಬ್ಯಾಟರಿ ತುಂಬಲು 10ರಿಂದ 14 ಗಂಟೆ ಬೇಕು. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ನಡುವೆ ಮೂರು ಗಂಟೆ ಕರೆಂಟ್ ಬಂದು ಮತ್ತೆ ಹೋದರೆ ಹೆಚ್ಚುಕಮ್ಮಿ ಕಾಲು ಭಾಗ ಮಾತ್ರ ತುಂಬಿರುತ್ತದೆ. ಅದಕ್ಕೇ ಎರಡು ಬ್ಯಾಟರಿ ಹಾಕಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಚಾರ್ಜರ್ ಅದೇ ಇದ್ದರೆ ತುಂಬುವ ಹೊತ್ತು ಎರಡರಷ್ಟಾಗುತ್ತದೆ, ಅಷ್ಟೇ. ಅದರ ಬದಲು ಕರೆಂಟ್ ಹೋದ ಕೂಡಲೇ ಡೆಸ್ಕ್‌ಟಾಪ್ ಬಂದ್ ಮಾಡಿ, ಲ್ಯಾಪ್‌ಟಾಪಿನಲ್ಲೇ ಕೆಲಸ ನಡೆಸಿ. ದುಡ್ಡು ಇದ್ದರೆ ಲಿಥಿಯಂ ಬ್ಯಾಟರಿ ನೋಡಿ. ತಕ್ಕ ಚಾರ್ಜರ್ ಇದ್ದರೆ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಜಾಸ್ತಿ ತುಂಬಿಕೊಳ್ಳುತ್ತದೆ, ನಮ್ಮ ಮಳೆಗಾಲಕ್ಕೆ ಅದೇ ಸರಿ. ಲೆಡ್ ಬ್ಯಾಟರಿಗೆ ಹಾಕುವ ಇನ್ವರ್ಟರಿಗೆ ಅದನ್ನು ಸುಮ್ನೆ ಸಿಕ್ಕಿಸುವಂತಿಲ್ಲ, ಲಿಥಿಯಂಗೆ ಹೊಂದುವ ಇನ್ವರ್ಟರೇ ಬೇಕು.

ಫೈಬರಿನ ಬಗ್ಗೆ ಒಂದು ಮಾತು. ನಿಮ್ಮ ಮನೆಯಲ್ಲಿ ರೂಟರ್ ಉರಿಯುತ್ತಿದ್ದರೆ ಸಾಲದು, ಆ ತುದಿಯಲ್ಲಿ ಇಂಟರ್ನೆಟ್ ಕೊಡುವವರ ಪೆಟ್ಟಿಗೆಗೂ ಕರೆಂಟ್ ಇರಬೇಕು. ಅವರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಮೊದಲೇ ವಿಚಾರಿಸಿ. ಅಲ್ಲಿ ನಾಲ್ಕು ಗಂಟೆಗೇ ನಿಲ್ಲುತ್ತದೆ ಎಂದರೆ ನೀವು ಮನೆಯಲ್ಲಿ ಹನ್ನೆರಡು ಗಂಟೆಯ ಬ್ಯಾಟರಿ ಇಟ್ಟು ಏನು ಮಾಡುತ್ತೀರಿ ಮಾರಾಯ್ರೆ?

ಕೇಳಿದವರು:
ತುಂಬಾ ಉಪಕಾರವಾಯಿತು. ಅಪ್ಪಯ್ಯ ಹಾಕಿಸಿದ ಹಳೇ ಇನ್ವರ್ಟರ್ ಮನೆಯಲ್ಲಿ ಇದೆ. ಅದರಲ್ಲಿ ಓಡುವಾಗ ಫ್ಯಾನ್ ಗುಂಯ್ ಎನ್ನುತ್ತದೆ. ಅದಕ್ಕೇ ಸಣ್ಣ ಯುಪಿಎಸ್ ಸೇರಿಸಬಹುದಾ?

ತೀರ್ಥಹಳ್ಳಿ ಕಡೆಯಿಂದ:
ಫ್ಯಾನ್ ಗುಂಯ್ ಎಂದರೆ ಅದು ಸ್ಕ್ವೇರ್‌ವೇವ್ (ಒರಟು ಅಲೆ ಕೊಡುವ ಜಾತಿ) ಇರಬೇಕು. ಅದರ ಮುಂದೆ ಯುಪಿಎಸ್ ಇಟ್ಟರೆ ಹೆಚ್ಚಿನವು ಆ ಕರೆಂಟನ್ನು ಒಪ್ಪುವುದೇ ಇಲ್ಲ, ಕೂಗುತ್ತಾ ತಮ್ಮ ಬ್ಯಾಟರಿ ಖಾಲಿ ಮಾಡಿಕೊಂಡು ಆಫ್ ಆಗುತ್ತವೆ. ಈಗಿನ ಒಳ್ಳೆಯ ಪವರ್ ಸಪ್ಲೈಗಳಿಗೂ ಅದು ಆಗಿಬರುವುದಿಲ್ಲ. ಹಳೆಯದನ್ನು ಲೈಟಿಗೆ, ಲ್ಯಾಪ್‌ಟಾಪ್ ಚಾರ್ಜರಿಗೆ ಇಟ್ಟುಕೊಳ್ಳಿ. ಡೆಸ್ಕ್‌ಟಾಪಿನ ಯುಪಿಎಸ್ಸನ್ನು ನೇರ ಲೈನಿಗೆ ಹಾಕಿ, ಕರೆಂಟ್ ಹೋದರೆ ಬಂದ್ ಮಾಡಿ. ಯುಪಿಎಸ್ಸಿಗೆ ಯುಎಸ್‌ಬಿ ತಂತಿ ಇದ್ದರೆ ಕಂಪ್ಯೂಟರಿಗೆ ಸಿಕ್ಕಿಸಿ, ನೀವು ತೋಟದಲ್ಲಿದ್ದಾಗಲೂ ಅದೇ ಆಫ್ ಆಗುವ ಹಾಗೆ ಸೆಟ್ ಮಾಡಬಹುದು.

ಆಗುಂಬೆ ಕಡೆಯಿಂದ:
ಮೇಲೆ ಹೇಳಿದ್ದೆಲ್ಲ ಸರಿ. ಸಿಡಿಲಿನ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ಆದರೆ ಜುಲೈ ತಿಂಗಳ ಜಡಿಮಳೆಗಿಂತ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಕಂಪ್ಯೂಟರು, ಟಿವಿ ಸುಟ್ಟುಹೋಗುವುದು ಜಾಸ್ತಿ. ಯುಪಿಎಸ್ ಇದೆ ಎಂದು ಧೈರ್ಯವಾಗಿ ಕೂರಬೇಡಿ. ಹತ್ತಿರ ಬಡಿದ ಸಿಡಿಲು ಯುಪಿಎಸ್ಸನ್ನೂ ಸುಟ್ಟು ಮುಂದೆ ಹೋಗುತ್ತದೆ. ಗುಡುಗು ದೂರ ಇರುವಾಗಲೇ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಇಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರಿನಿಂದ ಕಂಪ್ಯೂಟರಿಗೆ ಬರುವ ನೆಟ್‌ವರ್ಕ್ ತಂತಿಯನ್ನೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಕಂಬದಿಂದ ಮನೆಗೆ ಎಳೆದ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು.

ಅರ್ಥಿಂಗ್ ನೋಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಗುಡುಗು ಬರುವ ಹೊತ್ತಿಗೆ ಸರಿಯಾಗಿ ಅರ್ಥಿಂಗ್ ದುರ್ಬಲವಾಗಿರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಮಾಡಿಸಿದ್ದರೂ ಮಾರ್ಚಿನಿಂದ ನೀರು ಹಾಕುತ್ತಿರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಸುಮ್ನೆ ಬಿಡಬೇಡಿ. ಮೇನ್ ಬೋರ್ಡಿನಲ್ಲಿ ಸರ್ಜ್ (ಒಮ್ಮೆಗೇ ನುಗ್ಗುವ ಜಾಸ್ತಿ ವೋಲ್ಟೇಜ್) ತಡೆಯುವ ಎಸ್‌ಪಿಡಿ ಹಾಕಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದೂ ಕೆಲಸ ಮಾಡುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದನ್ನು ಈಗಲೂ ನೋಡುತ್ತೇನೆ, ದಯವಿಟ್ಟು ಬೇಡ, ಮನೆಯಲ್ಲಿ ಮಕ್ಕಳಿರುತ್ತಾರೆ.

ಸಾಗರದಿಂದ:
ಬ್ಯಾಟರಿ ಬಗ್ಗೆ ನಾಲ್ಕು ಮಾತು. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಹೋದ ವರ್ಷದ ಸರಕು ಅಂಗಡಿಯಲ್ಲಿ ಕೂತೇ ಅರ್ಧ ಸತ್ತಿರುತ್ತದೆ. ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಹಂಚಿನಿಂದ ಇಳಿದ ಮಳೆನೀರು ಹಿಡಿದು ಹಾಕುವವರಿದ್ದಾರೆ, ಹಂಚಿನ ಧೂಳು, ಪಾಚಿ ಎಲ್ಲ ಒಳಗೆ ಹೋಗುತ್ತದೆ. ನಮ್ಮ ಥಂಡಿಗೆ ಟರ್ಮಿನಲ್ಲಿಗೆ ಬೇಗ ಕಿಲುಬು ಹಿಡಿಯುತ್ತದೆ, ಒರೆಸಿ ವ್ಯಾಸಲೀನ್ ಹಚ್ಚಿ. ಚಾರ್ಜ್ ಆಗುವಾಗ ಉರಿಯುವ ಗ್ಯಾಸ್ ಬರುತ್ತದೆ, ಹಾಗಾಗಿ ಗಾಳಿಯಾಡುವ ಜಾಗ ಬೇಕು, ದೇವರ ದೀಪದ ಹತ್ತಿರ ಬೇಡವೇ ಬೇಡ. ಸಣ್ಣ ಯುಪಿಎಸ್ಸಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಇಡೀ ಯುಪಿಎಸ್ ಎಸೆಯಬೇಡಿ, ಬ್ಯಾಟರಿ ಮಾತ್ರ ಬದಲಾಯಿಸಿದರೆ ಸಾಕು. ಖಾಲಿಯಾದ ಲೆಡ್ ಬ್ಯಾಟರಿಯನ್ನು ಹಾಗೇ ಮೂಲೆಯಲ್ಲಿಟ್ಟರೆ ಮತ್ತೆ ಏಳುವುದಿಲ್ಲ. ಊರಿಗೆ ಹೋಗುವಾಗಲೂ ತುಂಬಿಸಿಯೇ ಹೋಗಿ.

ಹಾಕಿಸಿದ ಮೇಲೆ ಮೇ ತಿಂಗಳ ಒಂದು ಸಂಜೆ ಬಿಡುವು ಮಾಡಿಕೊಂಡು ಮೇನ್ ಸ್ವಿಚ್ ಇಳಿಸಿ ನೋಡಿ. ಎಷ್ಟು ಹೊತ್ತು ಬಂತು, ಯಾವ ಸಾಕೆಟ್ಟಿಗೆ ಇನ್ವರ್ಟರ್ ಲೈನ್ ಬಂದಿಲ್ಲ, ಎಲ್ಲ ಆಗಲೇ ಗೊತ್ತಾಗುತ್ತದೆ, ಎಲೆಕ್ಟ್ರಿಷಿಯನ್ ಸಿಗುವುದೂ ಆಗಲೇ. ಹಳೇ ಬ್ಯಾಟರಿಯನ್ನು ಗುಜರಿಗೆ ಕೊಡಬೇಡಿ, ಹೊಸದು ಕೊಟ್ಟ ಅಂಗಡಿಯವರೇ ವಾಪಸ್ ತಗೊಂಡು ಬಿಲ್ಲಿನಲ್ಲಿ ಕಳೆಯುತ್ತಾರೆ. ಬಿಲ್ಲು, ವಾರಂಟಿ ಕಾರ್ಡಿಗೆ ತಾರೀಕು ಹಾಕಿ ಸೀಲು ಒತ್ತಿಸಿಕೊಂಡೇ ಅಂಗಡಿ ಬಿಡಿ.