ಮ್ಯಾಪ್ ಸಾಲು ಸುಮ್ನೆ ಓಡುತ್ತೆ, ಮೊತ್ತ ಕೇಳಿದರೆ ಎರರ್ ಯಾಕೆ?

ಪ್ರಶ್ನೆ (ರಾಯಚೂರಿನ ಬಿ.ಇ. ವಿದ್ಯಾರ್ಥಿ): ಮೇಡಂ, ಪ್ರಾಜೆಕ್ಟಿಗೆ ಹತ್ತಿ ಧಾರಣೆಯ ದೊಡ್ಡ ಫೈಲ್ ಇದೆ. ಪೈಥಾನ್ 3 ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ವಿತ್ ಓಪನ್’ (ಫೈಲ್ ತೆರೆದು, ಆ ಭಾಗ ಮುಗಿದ ಕೂಡಲೇ ತಾನೇ ಮುಚ್ಚುವ ರಚನೆ) ಒಳಗೆ ಮ್ಯಾಪ್ (ಪ್ರತಿ ಸಾಲಿಗೂ ಒಂದೇ ಕೆಲಸ ಅನ್ವಯಿಸುವ ಸೌಲಭ್ಯ) ಹಾಕಿ ಪ್ರತಿ ಸಾಲಿನಿಂದ ಕ್ವಿಂಟಲ್ ದರ ತೆಗೆದೆ. ಹೊರಗೆ ಬಂದು ಸಮ್ ಕೇಳಿದರೆ ಫೈಲ್ ಮುಚ್ಚಿದೆ ಅಂತ ಎರರ್. ಸಮ್ ಅನ್ನೂ ಒಳಗೆ ತಂದೆ, ಮೊತ್ತ ಬಂತು. ಅದರ ಕೆಳಗೇ ಗರಿಷ್ಠ ದರಕ್ಕೆ ಅದೇ ಮ್ಯಾಪ್ ಮೇಲೆ ಮ್ಯಾಕ್ಸ್ ಹಾಕಿದರೆ ಖಾಲಿ ಅನ್ನುತ್ತೆ! ದರಗಳೆಲ್ಲ ಎಲ್ಲಿ ಹೋದವು?

ಉತ್ತರ (ಬಳ್ಳಾರಿಯ ಸಾಫ್ಟ್‌ವೇರ್ ಇಂಜಿನಿಯರ್): ಎರಡಕ್ಕೂ ಕಾರಣ ಒಂದೇ. ಪೈಥಾನ್ 3ರ ಮ್ಯಾಪ್ ಕೂಡಲೇ ಲೆಕ್ಕ ಮಾಡುವುದಿಲ್ಲ. ಹೇಗೆ ಮಾಡಬೇಕು ಅನ್ನೋದನ್ನಷ್ಟೇ ಇಟ್ಟುಕೊಳ್ಳುತ್ತೆ. ಮುಂದಿನ ದರ ಕೊಡು ಅಂತ ಕೇಳಿದಾಗ ಮಾತ್ರ ಒಂದು ಸಾಲು ಓದಿ ಕೊಡುತ್ತೆ. ಲೇಜಿ ಎವ್ಯಾಲ್ಯುಯೇಷನ್ ಅಂದರೆ ಇದೇ. ಮೊದಲ ಕೋಡ್‌ನಲ್ಲಿ ಸಮ್ ಕೇಳುವ ಹೊತ್ತಿಗೆ ಫೈಲ್ ಮುಚ್ಚಿ ಆಗಿತ್ತು. ಎರಡನೆಯದರಲ್ಲಿ ಸಮ್ ಕೊನೆಯ ಸಾಲಿನವರೆಗೂ ಓದಿ ಮುಗಿಸಿತು. ಮ್ಯಾಪ್ ಕೊಟ್ಟದ್ದನ್ನು ನೆನಪಿಡಲ್ಲ, ಹಿಂದಕ್ಕೂ ಹೋಗಲ್ಲ. ಮ್ಯಾಕ್ಸ್‌ಗೆ ಏನು ಉಳಿಯುತ್ತೆ ಹೇಳಿ?

ಇನ್ನೊಂದು ಮಾತು. ಯಾವುದೋ ಸಾಲಿನಲ್ಲಿ ದರದ ಜಾಗ ಖಾಲಿ ಇದ್ದರೆ ಆ ಎರರ್ ಕೂಡ ಮ್ಯಾಪ್ ಬರೆದಲ್ಲಿ ಏಳುವುದಿಲ್ಲ, ಸಮ್ ಓಡುವಾಗ ಏಳುತ್ತೆ. ತಪ್ಪು ಹುಡುಕುವಾಗ ಇದನ್ನು ಮರೆಯಬೇಡಿ.

ವಿದ್ಯಾರ್ಥಿ: ಹಾಗಾದರೆ ಎಲ್ಲವನ್ನೂ ಲಿಸ್ಟ್ ಮಾಡಿಬಿಡಲಾ?

ಉತ್ತರ: ಮೆಮೊರಿಯಲ್ಲಿ ಹಿಡಿಸಿದರೆ ಧಾರಾಳವಾಗಿ ಮಾಡಿ. ಹಿಡಿಸದಿದ್ದರೆ ಒಂದೇ ಫಾರ್ ಲೂಪ್‌ನಲ್ಲಿ ಮೊತ್ತ, ಗರಿಷ್ಠ ಎರಡನ್ನೂ ಹಿಡಿಯಿರಿ. ಪೈಥಾನ್ ಜೊತೆಗೇ ಬರುವ ಇಟರ್‌ಟೂಲ್ಸ್ ಮಾಡ್ಯೂಲ್‌ನಲ್ಲಿ ‘ಟೀ’ ಇದೆ, ಒಂದನ್ನು ಎರಡಾಗಿ ಕೊಡುತ್ತೆ. ಇಲ್ಲಿ ಅದು ಬೇಡ. ಸಮ್ ಮೊದಲು ಪೂರ್ತಿ ಓಡುವುದರಿಂದ ಮ್ಯಾಕ್ಸ್‌ಗಾಗಿ ಎಲ್ಲ ದರವನ್ನೂ ಟೀ ಕೂಡಿಡಬೇಕಾಗುತ್ತೆ. ಲಿಸ್ಟ್ ಮಾಡಿದ ಹಾಗೇ ಆಯ್ತಲ್ವಾ?

ಕೊಪ್ಪಳದಿಂದ ಒಬ್ಬರು: ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕೂಡ ಲೇಜಿ. ಅಲ್ಲಿ ಅದೇ ಲಿಸ್ಟನ್ನು ಎರಡು ಸಲ ಬಳಸಿದರೂ ಖಾಲಿ ಆಗಲ್ಲವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಹ್ಯಾಸ್ಕೆಲ್ ಲಿಸ್ಟ್‌ನಲ್ಲಿ ಒಮ್ಮೆ ಲೆಕ್ಕವಾದ ಭಾಗ ಹಾಗೇ ಉಳಿಯುತ್ತೆ. ಅದಕ್ಕೇ ಮತ್ತೆ ಸಿಗುತ್ತೆ. ಆದರೆ ಮೊದಲು ಮೊತ್ತ, ಆಮೇಲೆ ಗರಿಷ್ಠ ಅಂತ ಬರೆದರೆ ಸಾಮಾನ್ಯವಾಗಿ ಇಡೀ ಲಿಸ್ಟ್ ಮೆಮೊರಿಯಲ್ಲಿ ಕೂರುತ್ತೆ. ಕ್ಲೋಜರ್ ಅನ್ನೋ ಇನ್ನೊಂದು ಭಾಷೆಯ ಮ್ಯಾಪ್ ಕೂಡ ಲೆಕ್ಕವಾದದ್ದನ್ನು ನೆನಪಿಡುತ್ತೆ. ಜೊತೆಗೆ ಅಲ್ಲಿ ರೇಂಜ್ (ಇಷ್ಟರಿಂದ ಇಷ್ಟರವರೆಗಿನ ಸಂಖ್ಯೆಗಳ ಸಾಲು) ಮೇಲೆ ಮ್ಯಾಪ್ ಹಾಕಿ ಮೊದಲನೆಯದನ್ನು ಮಾತ್ರ ಕೇಳಿದರೂ 32ರ ಗುಂಪಾಗಿ ಲೆಕ್ಕ ನಡೆಯುತ್ತೆ. ಮ್ಯಾಪ್ ಒಳಗೆ ಪ್ರಿಂಟ್ ಅಥವಾ ಡೇಟಾಬೇಸ್ ಕೆಲಸ ಇಟ್ಟವರು ಇದನ್ನು ಗಮನಿಸಲೇಬೇಕು, ಕೇಳದ ಸಾಲುಗಳಿಗೂ ಆ ಕೆಲಸ ನಡೆದುಬಿಡುತ್ತೆ.