ಬೆಳಕಿನ ಬಲೆಗೆ ಬರೀ ಪತಂಗ, ನೊರಜು ಒಂದೂ ಇಲ್ಲ!

ಶಿರಸಿ_ಕೊಟ್ಟಿಗೆ: ಕೊಟ್ಟಿಗೆಯಲ್ಲಿ ನೊರಜು ಹಿಡಿಯೋಕೆ ಬೆಳಕಿನ ಬಲೆ ಇಟ್ಟು ನಾಲ್ಕು ರಾತ್ರಿ ಆಯ್ತು. ಯುವಿ (ಅತಿನೇರಳೆ ಬೆಳಕಿನ) ಟ್ಯೂಬ್, ಕೀಟ ಒಳಗೆಳೆಯೋ ಫ್ಯಾನ್ ಎಲ್ಲಾ ಸರಿಯಾಗಿ ಓಡುತ್ತಿವೆ. ಬೆಳಿಗ್ಗೆ ನೋಡಿದರೆ ಪತಂಗ, ಜೀರುಂಡೆ, ಒಂದು ಹಲ್ಲಿ ಬಾಲ. ಕ್ಯುಲಿಕಾಯ್ಡಿಸ್, ಅಂದರೆ ಆ ರಕ್ತ ಹೀರೋ ನೊರಜು, ಒಂದೂ ಇಲ್ಲ. ಹಾಲು ಕರೆಯೋಕೆ ಕೂತರೆ ಮಾತ್ರ ಮೊಣಕೈ ತನಕ ಉರಿ. ತಲೆ ಕೆಟ್ಟುಹೋಗಿದೆ.

ಹೊನ್ನಾವರ_ಭಟ್ಟ: ಟ್ಯೂಬ್ ಎಷ್ಟು ವ್ಯಾಟ್? ಹಳೇದಾದರೆ ಉರಿಯುತ್ತೆ, ಯುವಿ ಇರಲ್ಲ.

ಶಿರಸಿ_ಕೊಟ್ಟಿಗೆ: 8 ವ್ಯಾಟ್. ಪತಂಗ ಬರುತ್ತಿವೆ ಅಂದರೆ ಸರಿ ಇದೆ ಅಂತ ಅಲ್ವಾ?

ಹೊನ್ನಾವರ_ಭಟ್ಟ: ಪತಂಗ ಬೀದಿ ದೀಪಕ್ಕೂ ಬರುತ್ತೆ ಮಾರಾಯ್ರೆ. ಟ್ಯೂಬ್ ಬದಲಿಸಿ.

ಕಾರವಾರ_ಕಡಲು: ಗಾಳಿ ಹೇಗಿತ್ತು? ನಮ್ಮಲ್ಲಿ ಕಡಲ ಗಾಳಿ ಜೋರಿದ್ದ ರಾತ್ರಿ ಡಬ್ಬಿ ಖಾಲಿ. ನನ್ನದು ಸೋಲಾರ್, ಎರಡು ಬ್ಯಾಟರಿ, ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತೆ. ಫೋಟೋ ಹಾಕಲಾ?

ಸಿದ್ದಾಪುರ_೭೭: ನೊರಜಿನ ಹಿಂದೆ ಯಾಕೆ ಬಿದ್ದಿದ್ದೀರಿ? ಮಂಗನ ಕಾಯಿಲೆ ತರೋದು ಉಣುಗು.

ಯಲ್ಲಾಪುರ_ಅಕ್ಕ: ಅದು ಬೇರೆ ಮಾತು. ಉಣುಗು ದೀಪಕ್ಕೆ ಹಾರಿ ಬರುತ್ತಾ? ನೊರಜು ತರೋದು ನೀಲಿ ನಾಲಿಗೆ ರೋಗ. ಆಕಳಲ್ಲಿ ಹೆಚ್ಚಾಗಿ ಲಕ್ಷಣವೇ ಕಾಣಲ್ಲ, ವೈರಸ್ ಮಾತ್ರ ರಕ್ತದಲ್ಲಿ ಓಡಾಡುತ್ತಿರುತ್ತೆ. ನರಳೋದು ಕುರಿ. ಶಿರಸಿಯವರೇ, ಫ್ಯಾನಿನ ಕೆಳಗೆ ಏನು ಕಟ್ಟಿದ್ದೀರಿ?

ಶಿರಸಿ_ಕೊಟ್ಟಿಗೆ: ಚೀಲ. ಮೊದಲಿನದನ್ನು ಇಲಿ ಕಡಿದಿತ್ತು, ಆಯಿ ಹಳೇ ಸೊಳ್ಳೆಪರದೆ ಕತ್ತರಿಸಿ ಹೊಲಿದುಕೊಟ್ಟಳು. ಸಂಜೆ ಮಾಮೂಲಿ ಹೊಗೆ ಹಾಕ್ತೀವಿ, ಅಷ್ಟೇ.

ಯಲ್ಲಾಪುರ_ಅಕ್ಕ: ಅಷ್ಟೇ ಅಂತೆ! ನೊರಜಿನ ಉದ್ದವೇ 1ರಿಂದ 3 ಮಿ.ಮೀ., ಮೈ ಇನ್ನೂ ಸಪೂರ. ಫ್ಯಾನ್ ಒಳಗೆ ಎಳೆಯುತ್ತೆ, ಪರದೆ ತೂತಿಂದ ಆಚೆ ಹೋಗುತ್ತೆ. ತೆಳು ವಾಯಿಲ್ ಬಟ್ಟೆ ಹೊಲಿಸಿ. ಕೆಳಗೆ ಡಬ್ಬಿಯಲ್ಲಿ ನೀರು, ಒಂದು ಹನಿ ಸೋಪು. ಸೊಳ್ಳೆಪರದೆಯನ್ನು ಟ್ಯೂಬಿನ ಸುತ್ತ ಕಟ್ಟಿ, ಪತಂಗ ಹೊರಗೇ ಉಳಿಯುತ್ತವೆ. ಬಲೆ ಇಟ್ಟ ರಾತ್ರಿ ಹೊಗೆ ಬೇಡ.

ಹೊನ್ನಾವರ_ಭಟ್ಟ: ಹೊಗೆಗೆ ನೊರಜು ಎಲ್ಲಿ ಹೆದರುತ್ತೆ? ನಮ್ಮಲ್ಲಿ ದಿನಾ ಹಾಕ್ತೀವಿ, ಕಚ್ಚೋದು ಬಿಟ್ಟಿಲ್ಲ.

ಸಿದ್ದಾಪುರ_೭೭: ನೀವು ಹಾಕೋದು ತೆಂಗಿನ ಸಿಪ್ಪೆ. ಅಡಿಕೆ ಸಿಪ್ಪೆ ಹಾಕಿ ನೋಡಿ.

ಹೊನ್ನಾವರ_ಭಟ್ಟ: ಘಟ್ಟದ ಮೇಲಿನವರಿಗೆ ಎಲ್ಲದಕ್ಕೂ ಅಡಿಕೆಯೇ.

ಶಿರಸಿ_ಕೊಟ್ಟಿಗೆ: ಅಕ್ಕ, ವಾಯಿಲ್ ಕಟ್ಟಿದೆ. ಡಬ್ಬಿ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದ ಹಾಗಿದೆ! ಮಸೂರದಲ್ಲಿ ನೋಡಿದರೆ ರೆಕ್ಕೆ ಮೇಲೆ ಮಚ್ಚೆ. ಕೆಲವದರ ಹೊಟ್ಟೆ ದ್ರಾಕ್ಷಿ ಕೆಂಪು. ಯಾಕೆ?

ಯಲ್ಲಾಪುರ_ಅಕ್ಕ: ಅವು ಒಮ್ಮೆ ರಕ್ತ ಕುಡಿದು ಮೊಟ್ಟೆ ಇಟ್ಟ ಹೆಣ್ಣುಗಳು. ವೈರಸ್ ಹುಡುಕೋದು ಅಂಥವುಗಳಲ್ಲೇ. ಬೇರೆ ಸೀಸೆಗೆ, 70% ಆಲ್ಕೋಹಾಲ್.

ಕಾರವಾರ_ಕಡಲು: ಸೋಲಾರ್ ಫೋಟೋ ಯಾರಿಗೂ ಬೇಡವಾ?

ಹೊನ್ನಾವರ_ಭಟ್ಟ: ಟ್ಯೂಬ್ ಬದಲಿಸಿದ್ರಾ ಇಲ್ವಾ, ಅದನ್ನ ಹೇಳಿ.