ಗುಡ್ಡ, ಕೆರೆ ಎಲ್ಲಾ ಚೆನ್ನಾಗಿ ಬರುತ್ತೆ, ಜೋಡಿ ಮುಖ ಮಾತ್ರ ಕಪ್ಪು – ಎಂಗೇಜ್‌ಮೆಂಟ್ ಶೂಟ್‌ಗೆ ಸಲಹೆ ಬೇಕು

ಪ್ರಶ್ನೆ | ಗುಡ್ಡದಂಚು

ಎಲ್ರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಲ್ಯಾಂಡ್‌ಸ್ಕೇಪ್ ತೆಗೀತಾ ಇದ್ದೀನಿ, ಜನರ ಫೋಟೋ ತೆಗೆದಿದ್ದು ತುಂಬಾ ಕಡಿಮೆ. ಈಗ ನನ್ನ ಫ್ರೆಂಡ್ ಒಬ್ಬ ಎಂಗೇಜ್‌ಮೆಂಟ್ ಶೂಟ್ ನೀನೇ ಮಾಡ್ಕೊಡು, ಇದು ಚೆನ್ನಾಗಿ ಬಂದ್ರೆ ಮದುವೇನೂ ನಿಂಗೇ ಅಂದಿದ್ದಾನೆ. ಊರೇನೋ ನೋಡೋಕೆ ಎರಡು ಕಣ್ಣು ಸಾಲದು, ಸುತ್ತ ಗುಡ್ಡ, ನಡುವೆ ಕೆರೆ, ಹಳೇ ಕಲ್ಲಿನ ಸೇತುವೆ, ಕಡಿದಾದ ಮೆಟ್ಟಿಲು ಓಣಿಗಳು. ಅದಕ್ಕೇ ಸುಲಭ ಅಂದ್ಕೊಂಡಿದ್ದೆ.

ಹೋದ ಭಾನುವಾರ ಅವರಿಬ್ಬರನ್ನೂ ಕರ್ಕೊಂಡು ಟ್ರಯಲ್ ಮಾಡ್ದೆ, ಬೆಳಿಗ್ಗೆ 11 ಗಂಟೆ, 24 ಎಂಎಂ (ತುಂಬಾ ಅಗಲ ಕಾಣೋದು), ಯಾವಾಗ್ಲೂ ಲೆನ್ಸ್ ಮೇಲೆ ಹಾಕೋ ಪೋಲರೈಸರ್ ಫಿಲ್ಟರ್ (ಹೊಳಪು, ಪ್ರತಿಬಿಂಬ ಕಡಿಮೆ ಮಾಡೋದು) ಹಾಕಿಯೇ. ಮುಖ ಸರಿ ಮಾಡಿದ್ರೆ ಆಕಾಶ ಬಿಳಿ, ಆಕಾಶ ಸರಿ ಮಾಡಿದ್ರೆ ಕಣ್ಣಿನ ಕೆಳಗೆ ಕಪ್ಪು ನೆರಳು. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣೋ ಗುಡ್ಡ ಫೋಟೋದಲ್ಲಿ ಒಂದು ಸಣ್ಣ ದಿಬ್ಬ. ಅವರಿಬ್ರೂ ಬೇರೆ ಪಾಸ್‌ಪೋರ್ಟ್ ಫೋಟೋಗೆ ನಿಂತಂಗೆ ನಿಂತಿದ್ರು, ಏನು ಹೇಳ್ಬೇಕು ಅಂತ ನಂಗೂ ತೋಚಲಿಲ್ಲ.

ಅವರು ಒಂದೇ ದಿನಕ್ಕೆ ಆರು ಜಾಗ ಲಿಸ್ಟ್ ಮಾಡಿಟ್ಟಿದ್ದಾರೆ. ನನ್ನ ಹತ್ರ ಇರೋದು ಒಂದು ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾ ಬಾಡಿ (ಮೆಮೊರಿ ಕಾರ್ಡ್ ಸ್ಲಾಟ್ ಒಂದೇ), 24-70 ಎಫ್ 2.8 ಲೆನ್ಸ್, ಹಳೇದೊಂದು 85 ಎಫ್ 1.8 ಲೆನ್ಸ್, ಒಂದು ಫ್ಲಾಶ್. ಊರೂ ಕಾಣ್ಬೇಕು, ಅವರೂ ಕಾಣ್ಬೇಕು. ಎಲ್ಲಿಂದ ಶುರು ಮಾಡ್ಲಿ?

ಉತ್ತರ | ಸಂಜೆಬೆಳಕು

ಗುರು, ಮೊದಲು ಆ 24 ಬ್ಯಾಗಲ್ಲಿಟ್ಟು 85 ತೆಗಿ. ನೀನು ಮೂರು ಮೀಟರ್ ದೂರದಲ್ಲಿ ನಿಂತು 24ರಲ್ಲಿ ತೆಗೆದ ಅದೇ ಜೋಡಿಯನ್ನ, ಅದೇ ಸೈಜಿಗೆ 85ರಲ್ಲಿ ತೆಗೀಬೇಕು ಅಂದ್ರೆ ಅವರಿಂದ ಸುಮಾರು ಹತ್ತೂವರೆ ಮೀಟರ್ ದೂರಕ್ಕೆ ಹೋಗ್ಬೇಕು. ಜೋಡಿ ಅಷ್ಟೇ ಇರ್ತಾರೆ, ಹಿಂದಿನ ಗುಡ್ಡ ಮಾತ್ರ ಮೂರೂವರೆ ಪಟ್ಟು ದೊಡ್ಡದಾಗಿ ಎದ್ದು ಬರುತ್ತೆ. ಇದನ್ನ ಲೆನ್ಸ್ ಮಾಡೋ ಮ್ಯಾಜಿಕ್ ಅಂತಾರೆ, ಅಲ್ಲ, ನೀನು ನಿಂತಿರೋ ದೂರ ಮಾಡೋ ಕೆಲಸ ಅದು, ಲೆನ್ಸ್ ಬರೀ ಕ್ರಾಪ್ ಮಾಡುತ್ತೆ ಅಷ್ಟೇ. ಹಾಗಾಗಿ ಜಾಗ ಆರಿಸುವಾಗ ಎದುರಿನ ವ್ಯೂ ಹೇಗಿದೆ ಅನ್ನೋದಕ್ಕಿಂತ ನಂಗೆ ಹಿಂದಕ್ಕೆ ಹೋಗೋಕೆ ಜಾಗ ಇದ್ಯಾ ಅಂತ ನೋಡು. ಸೇತುವೆ ಮೇಲೆ ಅವರನ್ನ ನಿಲ್ಸಿ ನೀನು ದಡದಿಂದ ತೆಗಿ. ಮತ್ತೆ 85 ಇದೆ ಅಂತ 1.8ರಲ್ಲೇ (ಲೆನ್ಸ್ ಕಿಂಡಿ ಪೂರ್ತಿ ತೆರೆದು) ತೆಗೀಬೇಡ, ಗುಡ್ಡ ಯಾವುದು ಮೋಡ ಯಾವುದು ತಿಳಿಯಲ್ಲ, ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಹೋದ್ರೆ ಹಿಂದೆ ಸ್ವಲ್ಪ ಮೆತ್ತಗಿದ್ರೂ ಇದು ನಮ್ಮೂರ ಗುಡ್ಡ ಅಂತ ಗುರುತು ಸಿಗುತ್ತೆ.

ಇನ್ನು ಟೈಮ್. 11 ಗಂಟೆಗೆ ಬಯಲಲ್ಲಿ ಮುಖ ತೆಗೆಯೋಕೆ ಹೋದ್ರೆ ಯಾರಿಗಾದ್ರೂ ಇದೇ ಗತಿ. ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಒಳಗೆ ಬಂದ ಮೇಲಿನದೇ ಗೋಲ್ಡನ್ ಅವರ್ (ಮೆತ್ತನೆ ಹೊಂಬಣ್ಣದ ಬೆಳಕಿನ ಹೊತ್ತು), ಆದ್ರೆ ಅದು ಒಂದು ಗಂಟೆ ಇರುತ್ತೆ ಅಂತ ನಂಬ್ಕೋಬೇಡ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತೆ, ಸಮಭಾಜಕದ ಹತ್ರದ ಊರಲ್ಲಿ ಹೆಚ್ಚುಕಮ್ಮಿ ನೇರ ಕೆಳಗೆ ಇಳಿಯೋದ್ರಿಂದ 25 ನಿಮಿಷದಲ್ಲಿ ಮುಗಿದೇ ಹೋಗುತ್ತೆ, ಧ್ರುವದ ಕಡೆ ಹೋದಷ್ಟೂ ಓರೆಯಾಗಿ ಇಳಿಯುತ್ತೆ, ಟೈಮ್ ಜಾಸ್ತಿ ಸಿಗುತ್ತೆ. ಅದರ ಮೇಲೆ ನಿಮ್ದು ಗುಡ್ಡದ ಊರು! ಫೋನಿನ ಆಪ್ ತೋರ್ಸೋ ಸೂರ್ಯಾಸ್ತ ಬಯಲಿನ ಲೆಕ್ಕ, ಗುಡ್ಡದ್ದಲ್ಲ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿ, ಅದರ ಅಗಲ ಸುಮಾರು 10 ಡಿಗ್ರಿ. ಪಶ್ಚಿಮದ ಗುಡ್ಡ ಅರ್ಧ ಮುಷ್ಟಿ ಎತ್ತರ ಇದ್ರೂ ಆಪ್ ಹೇಳಿದ್ದಕ್ಕಿಂತ ಕನಿಷ್ಠ 20 ನಿಮಿಷ ಮೊದಲೇ ಬಿಸಿಲು ಹೋಗಿರುತ್ತೆ. ಶೂಟ್‌ಗೆ ಎರಡು ದಿನ ಮುಂಚೆ ಅದೇ ಹೊತ್ತಿಗೆ ಒಬ್ಬನೇ ಹೋಗಿ ಗಡಿಯಾರ ನೋಡ್ಕೊಂಡು ಬಾ.

ಕೆರೆಯಲ್ಲಿ ಕನ್ನಡಿ ತರ ಪ್ರತಿಬಿಂಬ ಬೇಕಾದ್ರೆ ಮಾತ್ರ ಬೆಳಗಿನ ಜಾವ, ಸಾಮಾನ್ಯವಾಗಿ ಗಾಳಿ ಕಡಿಮೆ ಇರೋದು ಆಗ್ಲೇ.

ಉತ್ತರ | ಎರಡನೇಕ್ಯಾಮೆರಾ

ಮೇಲಿನವರು ಹೇಳಿದ್ದಕ್ಕೆ ನಂದೊಂದು ಸೇರಿಸ್ತೀನಿ. ಪೋಲರೈಸರ್ ತೆಗೆದಿಡಿ. ಲ್ಯಾಂಡ್‌ಸ್ಕೇಪ್ ಅಭ್ಯಾಸ ಇರೋರು ಅದನ್ನ ಮರ್ತೇಬಿಡ್ತಾರೆ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು), ಸಂಜೆ ಅಷ್ಟು ಬೆಳಕೇ ಇರಲ್ಲ, ಜೊತೆಗೆ ಕೆರೆಯ ಪ್ರತಿಬಿಂಬ ಬೇಕು ಅಂತ ಹೋಗಿ ಅದನ್ನೇ ಅಳಿಸೋ ಫಿಲ್ಟರ್ ಹಾಕ್ಕೊಂಡು ನಿಂತಂಗಾಗುತ್ತೆ. 24ರಲ್ಲಿ ಆಕಾಶದ ಒಂದು ಮೂಲೆ ಮಾತ್ರ ಕಡು ನೀಲಿ ಬಂದಿದ್ರೆ ಅದಕ್ಕೂ ಇದೇ ಕಾರಣ.

ಸೂರ್ಯನನ್ನ ಅವರ ಬೆನ್ನ ಹಿಂದೆ ಇಟ್ಕೊಳ್ಳಿ. ಕಣ್ಣು ಕಿರಿದು ಮಾಡಲ್ಲ, ಕೂದಲಿಗೆ ಅಂಚು ಬೆಳಕು ಸಿಗುತ್ತೆ. ಮುಖ ಕಪ್ಪಾಗುತ್ತಲ್ಲ ಅಂದ್ರೆ ಅಲ್ಲೇ ಫ್ಲಾಶ್ ಕೆಲಸಕ್ಕೆ ಬರೋದು. ಮೊದಲು ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ಹಿಸ್ಟೋಗ್ರಾಮ್ (ಕ್ಯಾಮೆರಾ ತೋರ್ಸೋ ಬೆಳಕಿನ ಗ್ರಾಫ್) ಬಲ ಅಂಚಿಗೆ ಗುದ್ದದಂಗೆ ನೋಡ್ಕೊಂಡು, ಆಮೇಲೆ ಫ್ಲಾಶನ್ನ ಕ್ಯಾಮೆರಾದಿಂದ ಬಿಡಿಸಿ ಪಕ್ಕದಿಂದ, ಒಂದು ಸಣ್ಣ ಅಂಬ್ರೆಲ್ಲಾ ಇಟ್ಟು ಹೊಡೀರಿ. ಶಟರ್ ಸಿಂಕ್ ಸ್ಪೀಡ್ (ಫ್ಲಾಶ್ ಜೊತೆ ಇಡಬಹುದಾದ ಅತಿ ವೇಗ) ದಾಟಬಾರದು, ಸಾಮಾನ್ಯವಾಗಿ 1/200 ಅಥವಾ 1/250 ಸೆಕೆಂಡ್. ಹೈ ಸ್ಪೀಡ್ ಸಿಂಕ್ ಇದ್ರೆ ದಾಟಬಹುದು, ಆದ್ರೆ ಫ್ಲಾಶ್ ಪವರ್ ತುಂಬಾ ಬಿದ್ದು ಹೋಗುತ್ತೆ, ಆಗ ಹತ್ರ ಇಡ್ಬೇಕು. ಫ್ಲಾಶ್ ಮೇಲೆ ತೆಳು ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸೋದು ಮರೀಬೇಡಿ, ಫ್ಲಾಶ್ ಬೆಳಕು 5500 ಕೆಲ್ವಿನ್ ಆಸುಪಾಸು, ಅಂದ್ರೆ ಮಧ್ಯಾಹ್ನದ ಬಿಳಿ ಬೆಳಕಿನ ತರ, ಸಂಜೆ ಬಿಸಿಲು ಅದಕ್ಕಿಂತ ತುಂಬಾ ಕೆಂಪು, ಜೆಲ್ ಇಲ್ದಿದ್ರೆ ಮುಖ ಮಾತ್ರ ಬೇರೆ ಊರಲ್ಲಿ ತೆಗೆದು ತಂದು ಅಂಟಿಸಿದಂಗೆ ಕಾಣುತ್ತೆ.

ಹಳೇ ಸೇತುವೆ, ಪಾರ್ಕ್ ಅಂಥ ಕಡೆ ಲೈಟ್ ಸ್ಟ್ಯಾಂಡ್ ಇಡೋಕೆ ಪರ್ಮಿಷನ್ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಕೈಲಿ ಕ್ಯಾಮೆರಾ ಹಿಡ್ಕೊಂಡ್ರೆ ಸುಮ್ನಿರೋರು ಸ್ಟ್ಯಾಂಡ್ ಕಂಡ್ರೆ ತಡೀತಾರೆ, ಅದೂ ಬೆಳಕು ಸರಿ ಇರೋ ಆ ಇಪ್ಪತ್ತು ನಿಮಿಷದಲ್ಲೇ. ಡ್ರೋನ್ ಯೋಚನೆ ಇದ್ರೆ ಅಲ್ಲಿನ ನಿಯಮ ಪೂರ್ತಿ ಓದದೆ ಹಾರಿಸಬೇಡಿ.

ಉತ್ತರ | ನಗುಮೊಗ

ನಿಮ್ಮಿಬ್ಬರ ಮಾತೂ ಸರಿ, ಆದ್ರೆ ಇವರ ಅಸಲು ತೊಂದರೆ ಬೆಳಕು ಅಂತ ನಂಗನ್ಸಲ್ಲ. ಪಾಸ್‌ಪೋರ್ಟ್ ಫೋಟೋ ತರ ನಿಂತಿದ್ರು ಅಂದ್ರಲ್ಲ, ಅದೇ ದೊಡ್ಡದು.

ಆರು ಜಾಗ ಬೇಡವೇ ಬೇಡ ಅಣ್ಣ. ಎರಡು ಸಾಕು. ಒಂದು ಜಾಗದಲ್ಲಿ ಮೊದಲ ಇಪ್ಪತ್ತು ನಿಮಿಷ ಯಾರೂ ಸಡಿಲ ಆಗಲ್ಲ, ಕೈ ಎಲ್ಲಿಡೋದು, ಯಾರು ನೋಡ್ತಿದ್ದಾರೆ ಅನ್ನೋದೇ ತಲೇಲಿರುತ್ತೆ, ಅದು ಕಳೆದು ಮುಖ ಅರಳೋ ಹೊತ್ತಿಗೆ ನೀವು ಬನ್ನಿ ಬನ್ನಿ ಮುಂದಿನ ಜಾಗ ಅಂತ ಕಾರ್ ಹತ್ತಿಸಿದ್ರೆ ಅಲ್ಲಿ ಮತ್ತೆ ಮೊದಲಿಂದ ಶುರು. ಆರು ಜಾಗದ ಲಿಸ್ಟ್ ಕೊಟ್ಟವರ ಹತ್ರ ಕೂತು ಒಂದೇ ಒಂದು ಪ್ರಶ್ನೆ ಕೇಳಿ, ಇದರಲ್ಲಿ ನಿಮ್ಮಿಬ್ಬರಿಗೂ ಮೊದಲೇ ನಂಟಿರೋ ಜಾಗ ಯಾವುದು ಅಂತ. ನಾನು ಹೀಗೆ ಕೇಳಿದಾಗ ಒಂದು ಜೋಡಿ ಲಿಸ್ಟಲ್ಲೇ ಇಲ್ಲದ ಒಂದು ಬಸ್ ಸ್ಟಾಪ್ ಹೇಳಿದ್ರು, ದಿನಾ ಅಲ್ಲೇ ಭೇಟಿ ಆಗ್ತಿದ್ರಂತೆ. ಹಿಂದೆ ಗುಡ್ಡದ ಒಂದು ಚೂರು ಅಂಚು ಕಾಣ್ತಿತ್ತು ಅಷ್ಟೇ. ಅವರ ಮನೆ ಗೋಡೆ ಮೇಲೆ ಇವತ್ತಿಗೂ ಇರೋದು ಆ ಫೋಟೋನೇ.

ನಿಲ್ಲಿ, ನಗಿ ಅನ್ಬೇಡಿ. ಕೆಲಸ ಕೊಡಿ. ಆ ಮೆಟ್ಟಿಲ ತುದಿಯಿಂದ ಇಲ್ಲಿವರೆಗೂ ಮಾತಾಡ್ಕೊಂಡು ಇಳಿದು ಬನ್ನಿ, ನನ್ನ ಕಡೆ ನೋಡ್ಲೇಬೇಡಿ ಅನ್ನಿ. ಹುಡುಗನಿಗೆ, ಅವಳ ಕಿವೀಲಿ ಮೊದಲ ಸಲ ಮಾತಾಡಿದ್ದು ನೆನಪಿದ್ಯಾ ಕೇಳು ಅನ್ನಿ, ಉತ್ತರ ಬರೋ ಮುಂಚೆಯೇ ನಗು ಬರುತ್ತೆ, ಆಗ ಕ್ಲಿಕ್ ಮಾಡಿ. ನಡೀವಾಗ ಶಟರ್ 1/250ಕ್ಕಿಂತ ಕೆಳಗೆ ಬೇಡ. ಶೂಟ್ ನಡುವೆ ಹತ್ತು ನಿಮಿಷ ಕ್ಯಾಮೆರಾ ಇಳಿಸಿ ಸುಮ್ನೆ ಕೂರಿ, ಅವರು ಅವರ ಪಾಡಿಗೆ ಇರ್ಲಿ, ನನ್ನ ಒಳ್ಳೇ ಫೋಟೋಗಳಲ್ಲಿ ಎಷ್ಟೋ ಸಿಕ್ಕಿದ್ದು ಆ ವಿರಾಮದ ಕೊನೇಲಿ.

ಪ್ರಶ್ನೆ ಕೇಳಿದವರು | ಗುಡ್ಡದಂಚು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಒಬ್ಬನೇ ಹೋಗಿದ್ದೆ. ಸಂಜೆಬೆಳಕು ಹೇಳಿದ್ದು ನೂರಕ್ಕೆ ನೂರು ನಿಜ, ಆಪ್ ಹೇಳೋ ಟೈಮಿಗಿಂತ 35 ನಿಮಿಷ ಮೊದಲೇ ಕೆರೆ ದಡ ನೆರಳಾಯ್ತು, ಸೇತುವೆ ಮೇಲೆ ಮಾತ್ರ ಇನ್ನೂ ಕಾಲು ಗಂಟೆ ಬಿಸಿಲಿತ್ತು. ಹಾಗಾಗಿ ಮೊದಲು ದಡ, ಆಮೇಲೆ ಸೇತುವೆ ಅಂತ ಅಂದ್ಕೊಂಡಿದ್ದೀನಿ. ಫ್ರೆಂಡ್ ಹತ್ರಾನೂ ಮಾತಾಡ್ದೆ, ನಾಲ್ಕು ಜಾಗ ಬಿಡೋಕೆ ಅವರೇ ಖುಷಿಯಾಗಿ ಒಪ್ಪಿದ್ರು. ಈಗ ಒಂದೇ ಯೋಚನೆ, ಮದುವೆ ಒಪ್ಕೊಳ್ಳೋದಾ ಬೇಡ್ವಾ? ಅವತ್ತು ಒಳಾಂಗಣ, ರಾತ್ರಿ ಎಲ್‌ಇಡಿ ಲೈಟು, ಕುಣಿತ ಎಲ್ಲಾ ಇರುತ್ತೆ.

ಉತ್ತರ | ಎರಡನೇಕ್ಯಾಮೆರಾ

ಎಂಗೇಜ್‌ಮೆಂಟ್ ಶೂಟ್ ಕೆಟ್ರೆ ಇನ್ನೊಂದು ಸಂಜೆ ಹೋಗಬಹುದು. ಉಂಗುರ ತೊಡಿಸೋ ಆ ಮೂರು ಸೆಕೆಂಡ್ ಮತ್ತೆ ಬರಲ್ಲ. ಒಂದೇ ಬಾಡಿ, ಅದರಲ್ಲೂ ಒಂದೇ ಸ್ಲಾಟ್ ಇಟ್ಕೊಂಡು ಮದುವೆಗೆ ಒಬ್ಬನೇ ಹೋಗೋದು ಬೇಡ ಅಂತ ಗಟ್ಟಿಯಾಗಿ ಹೇಳ್ತೀನಿ. ನನ್ನ ಎರಡನೇ ಮದುವೆ ಶೂಟಲ್ಲೇ ಒಂದು ಕಾರ್ಡ್ ಕೈಕೊಡ್ತು, ಆ ಅರ್ಧ ಗಂಟೆಯ ಫೋಟೋ ಇವತ್ತಿಗೂ ಅವರ ಹತ್ರ ಇಲ್ಲ, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಸಂಕಟ. ಎರಡು ಸ್ಲಾಟ್ ಇರೋ (ಒಂದೇ ಫೋಟೋ ಎರಡು ಕಾರ್ಡಿಗೂ ಉಳಿಸೋ) ಬಾಡಿ ಬಾಡಿಗೆಗೆ ತಗೊಳ್ಳಿ, ನಿಮ್ಮದು ಎರಡನೇದಾಗಿರ್ಲಿ, ಎರಡರ ಗಡಿಯಾರನೂ ಬೆಳಿಗ್ಗೇನೇ ಹೊಂದಿಸಿ, ಇಲ್ಲಾಂದ್ರೆ ಆಮೇಲೆ ಸಾವಿರಾರು ಫೋಟೋನ ಕೈಯಲ್ಲೇ ಜೋಡಿಸೋ ಪಾಡು. ಎರಡು ಕಡೆ ಕಾಪಿ ಆಗೋವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ. ಇಲ್ಲಾ ಅನುಭವ ಇರೋರ ಜೊತೆ ಎರಡನೇ ಫೋಟೋಗ್ರಾಫರ್ ಆಗಿ ಒಂದೆರಡು ಮದುವೆಗೆ ಹೋಗಿ ಬನ್ನಿ, ನಾನು ಇದನ್ನೇ ಮೊದಲು ಹೇಳೋದು.

ಎಲ್‌ಇಡಿ ಕೆಳಗೆ ಎಲೆಕ್ಟ್ರಾನಿಕ್ ಶಟರ್ (ಸದ್ದಿಲ್ಲದೆ ತೆಗೆಯೋ ಮೋಡ್) ಬೇಡ, ಪಟ್ಟೆ ಬರುತ್ತೆ. 50 ಹರ್ಟ್ಸ್ ಕರೆಂಟ್ ಇರೋ ಕಡೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗೋದ್ರಿಂದ 1/100 ಅಥವಾ 1/50 ಇಟ್ರೆ ಬಹಳಷ್ಟು ಕಡಿಮೆಯಾಗುತ್ತೆ, ಕುಣಿತಕ್ಕೆ ಅದು ನಿಧಾನ, ಅಲ್ಲಿ ಫ್ಲಾಶ್ ಹಾಕಿ.

ಉತ್ತರ | ಸಂಜೆಬೆಳಕು

ಒಂದು ಮರ್ತಿದ್ದೆ. ಎಸಿ ಕಾರಿಂದ ಇಳಿದು ನೇರ ಕೆರೆ ದಡಕ್ಕೆ ಹೋದ್ರೆ ಸೆಖೆ ಇರೋ ಸಂಜೆ ಲೆನ್ಸ್ ಪೂರ್ತಿ ಮಂಜಾಗುತ್ತೆ, ಒರೆಸಿದಷ್ಟೂ ಮತ್ತೆ ಕೂರುತ್ತೆ. ಅರ್ಧ ಗಂಟೆ ಮುಂಚೆ ಹೋಗಿ, ಬ್ಯಾಗ್ ಜಿಪ್ ಹಾಕಿಯೇ ಹೊರಗಿಟ್ಟಿರು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗಿ. ಶೂಟ್ ಆದ್ಮೇಲೆ ಒಂದೆರಡು ಫೋಟೋ ಇಲ್ಲಿ ಹಾಕು, ಅವರಿಬ್ಬರನ್ನೂ ಕೇಳಿ ಒಪ್ಪಿದ್ರೆ ಮಾತ್ರ.